ಅಕ್ಕನ ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಇದೆಯೇ?

‘ನಿಮ್ಮ ಕಂಪ್ಯೂಟರಲ್ಲಿ ಬ್ಲೂಟೂತ್ ಇದೆ ಅಲ್ವಾ?’

ಯಾರಾದರೂ ಹೀಗೆ ಕೇಳಿದರೆ ದಯವಿಟ್ಟು ತಟ್ಟನೆ ‘ಹೂಂ, ಇದೆ’ ಎಂದುಬಿಡಬೇಡಿ. ನಾನು ಅಂದೆ. ಅಂದ ತಪ್ಪಿಗೆ ಅರಸೀಕೆರೆಯಿಂದ ಹಳೇಬೀಡಿಗೆ, ಹಳೇಬೀಡಿನಿಂದ ಬೇಲೂರಿಗೆ, ಮತ್ತೆ ವಾಪಸ್ಸು ಎಂದು ಬಸ್ಸಿನಲ್ಲಿ ಓಡಾಡಿ ಸೊಂಟ ಹಿಡಿದುಕೊಂಡಿದೆ. ಈ ವಾರದ ಅಂಕಣವನ್ನು ಬೆನ್ನಿಗೆ ದಿಂಬು ಕೊಟ್ಟುಕೊಂಡು ಬರೆಯುತ್ತಿದ್ದೇನೆ. ಅಲ್ಲಲ್ಲಿ ಗೊಣಗಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೇಳಿದವರು ಹಾಸನದಲ್ಲಿ ಕಿವಿ ಮೆಷಿನ್ ಹಾಕಿಕೊಡುವ ಮೇಡಂ. ಅವರ ಎದುರಿಗೆ ಕುಳಿತಿದ್ದವಳು ನಮ್ಮ ಗಂಗಕ್ಕ. ಎರಡೂ ಕಿವಿಗೆ ಹೊಸ ಮೆಷಿನ್ ಕೂರಿಸಿಕೊಂಡು, ಸೂರಿನಲ್ಲಿ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದಳು. ಫ್ಯಾನು ಇಷ್ಟೊಂದು ಗಲಾಟೆ ಮಾಡುತ್ತದೆಯೇ ಎಂದು ಕೇಳಿದಳು. ಮಾಡುತ್ತದೆ, ನಮಗೆ ಅಭ್ಯಾಸವಾಗಿದೆ ಎಂದೆ.

ಗಂಗಕ್ಕ ಎಂದರೆ ನಮ್ಮ ಮನೆಯ ಹಿರಿಯ ಮಗಳು. (ಈ ಅಂಕಣದ ಹಳೆಯ ಓದುಗರಿಗೆ ಅವಳ ಕೈಯ ಹುಚ್ಚೆಳ್ಳು ಚಟ್ನಿಪುಡಿ ಗೊತ್ತು. ಕೊರಿಯರ್ ಮಾಡಿ ಎಂದು ಬರೆದವರೂ ಇದ್ದೀರಿ. ಮಾಡಲಿಲ್ಲ, ಕ್ಷಮಿಸಿ.) ಮದುವೆ ಬೇಡವೆಂದಳು, ಆಗಲಿಲ್ಲ. ಅಪ್ಪ ಹಳೇಬೀಡಿನಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದರಲ್ಲ, ಅದೇ ಮುಂದಿನ ಕೋಣೆಯಲ್ಲಿ ಊಟದ ಮೆಸ್ ನಡೆಸುತ್ತಾಳೆ. ಹಿಂದೆ ಅಡುಗೆಮನೆ, ಅದರ ಪಕ್ಕ ಅವಳ ಮಂಚ. ಟೂರಿಸ್ಟ್ ಬಸ್ಸಿನ ಡ್ರೈವರುಗಳು, ಶಾಲೆಯ ಮೇಷ್ಟ್ರುಗಳು, ದೇವಸ್ಥಾನ ತೋರಿಸುವ ಗೈಡುಗಳು ಅವಳ ಗಿರಾಕಿಗಳು. ಮುದ್ದೆ, ಸಾರು, ಒಂದು ಪಲ್ಯ, ಅನ್ನ, ಮಜ್ಜಿಗೆ. ಇದರ ಮೇಲೆ ಏನೂ ಇಲ್ಲ, ಇದಕ್ಕಿಂತ ಕಡಿಮೆಯೂ ಇಲ್ಲ.

ಸೋಮವಾರ ಮಾತ್ರ ರಜ. ಅಪ್ಪ ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ, ಅದು ಬಸವಣ್ಣನ ದಿನ. ತನಗೆ ಒಲೆಯೇ ಎತ್ತು, ಅದಕ್ಕೂ ಒಂದು ದಿನ ಬಿಡುವು ಬೇಡವೇ ಎನ್ನುವುದು ಅಕ್ಕನ ವಾದ. ದೂರದಿಂದ ಬಂದ ಬಸ್ಸಿನವರು ಬಾಗಿಲು ತಟ್ಟಿ ಬೈದುಕೊಂಡು ಹೋಗುವುದೂ ಉಂಟು. ಬೈಗುಳ ಅವಳಿಗೆ ಹೇಗೂ ಕೇಳಿಸುತ್ತಿರಲಿಲ್ಲ.

ಹೌದು, ಕೆಲವು ವರ್ಷಗಳಿಂದ ಅವಳ ಕಿವಿ ಮಂದವಾಗುತ್ತಾ ಬಂತು. ಮೆಸ್ಸಿಗೆ ಅದರಿಂದ ಅಂಥ ತೊಂದರೆ ಆಗಲಿಲ್ಲ. ಬೆರಳೆತ್ತಿದರೆ ಇನ್ನೊಂದು ಮುದ್ದೆ. ತಟ್ಟೆಗೆ ಅಂಗೈ ಅಡ್ಡ ಹಿಡಿದರೆ ‘ಸಾಕು’ ಎಂದು. ಲೋಟ ತೋರಿಸಿದರೆ ಮಜ್ಜಿಗೆ. ಊಟಕ್ಕೆ ಇದಕ್ಕಿಂತ ಹೆಚ್ಚು ಭಾಷೆ ಯಾರಿಗೆ ಬೇಕು?

ತೊಂದರೆ ಆದದ್ದು ನಮಗೆ, ಮನೆಯವರಿಗೆ. ಮಾತೆಲ್ಲ ಕೂಗಾಟವಾಯಿತು. ಕೂಗಿ ಹೇಳುವ ಮಾತನ್ನು ಎರಡನೇ ಸಲ ಕೂಗಲು ಬೇಸರ. ಯಾರೋ ಏನೋ ಹೇಳಿ ಎಲ್ಲರೂ ನಗುತ್ತಿರುವಾಗ ಅಕ್ಕ ಮಗ್ಗುಲಲ್ಲಿದ್ದವರ ಮೊಣಕೈ ಮುಟ್ಟಿ ‘ಏನಂದ?’ ಎನ್ನುವಳು. ನಾವು ‘ಏನಿಲ್ಲ ಬಿಡು’ ಎನ್ನುವೆವು. ನಿಮ್ಮ ಮನೆಯಲ್ಲೂ ಈ ‘ಏನಿಲ್ಲ ಬಿಡು’ ಇರಬಹುದು. ಎಷ್ಟು ಸುಲಭದ ಮಾತು ನೋಡಿ, ಹೇಳುವವರಿಗೆ.

ಹೋದ ವರ್ಷ ನಮ್ಮೆಜಮಾನರು ರೈಲ್ವೆಯಿಂದ ನಿವೃತ್ತರಾದಾಗ ಅವರ ಹಳೆಯ ಲ್ಯಾಪ್‌ಟಾಪನ್ನು ಅಕ್ಕನಿಗೆ ಕೊಟ್ಟೆವು. ಫೋನಿನ ಪುಟ್ಟ ಪರದೆಯಲ್ಲಿ ಅವಳಿಗೆ ನಮ್ಮ ತುಟಿ ಕಾಣುತ್ತಿರಲಿಲ್ಲ. ದೊಡ್ಡ ಪರದೆಯಲ್ಲಿ ವಿಡಿಯೋ ಕಾಲ್ ಮಾಡಿದರೆ ತುಟಿ ನೋಡಿಕೊಂಡು ಅರ್ಧ ಊಹಿಸುತ್ತಿದ್ದಳು. ಇನ್ನರ್ಧಕ್ಕೆ ಸುಮ್ಮನೆ ನಗುತ್ತಿದ್ದಳು. ನಗು ಬಂದ ಜಾಗ ನೋಡಿಯೇ ನಮಗೆ ತಿಳಿಯುತ್ತಿತ್ತು, ಇದು ಕೇಳಿಸಿಲ್ಲ ಎಂದು. ತಿಳಿದೂ ಮುಂದಕ್ಕೆ ಹೋಗುತ್ತಿದ್ದೆವು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ದೀಪಾವಳಿ ಕಳೆದ ಮೇಲೆ ಒಂದು ದಿನ ಬೇಳೆಗಿಟ್ಟ ಕುಕ್ಕರ್ ಕೂಗಿತು. ಕೂಗಿತು, ಕೂಗಿತು, ಕೂಗುತ್ತಲೇ ಇತ್ತು. ಅಕ್ಕ ಅದಕ್ಕೆ ಬೆನ್ನು ಹಾಕಿ ಸೊಪ್ಪು ಸೋಸುತ್ತಿದ್ದಳು. ನೀರೆಲ್ಲ ಆರಿ, ತಳ ಹತ್ತಿ, ವಾಲ್ವ್ ಕರಗಿ, ಅಡುಗೆಮನೆ ತುಂಬ ಹೊಗೆ. ಪಕ್ಕದ ಪಂಕ್ಚರ್ ಅಂಗಡಿಯವರು ಓಡಿಬಂದು ಸ್ಟೌ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ, ಶಿವ ದೊಡ್ಡವನು.

ಆದರೆ ಸುದ್ದಿ ಅರಸೀಕೆರೆಗೆ ಬಂತು. ಅಲ್ಲಿ ನಮ್ಮಣ್ಣ ಪಂಚಾಕ್ಷರಿ ಇದ್ದಾನೆ, ಕೊಬ್ಬರಿ ವ್ಯಾಪಾರ. ನಾನೂ ಅದೇ ಊರಿನವಳು, ಎರಡು ಬೀದಿ ಆಚೆ. ಸುದ್ದಿ ಅಲ್ಲಿಂದ ದಾವಣಗೆರೆಗೆ ಹೋಯಿತು. ಅಲ್ಲಿ ತಮ್ಮ ಶೇಖರ, ಕಾಲೇಜೊಂದರಲ್ಲಿ ಗುಮಾಸ್ತ. ಅಣ್ಣತಮ್ಮಂದಿರು ಫೋನಿನಲ್ಲೇ ಕೂಡಿ ಒಂದು ತೀರ್ಮಾನಕ್ಕೆ ಬಂದರು. ಮೆಸ್ ಮುಚ್ಚಿಸುವುದು. ಅಕ್ಕನನ್ನು ಅರಸೀಕೆರೆಗೆ ಕರೆತಂದು ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಇಡುವುದು. ಹಳೇಬೀಡಿನ ಮುಂದಿನ ಕೋಣೆಯನ್ನು ಮೊಬೈಲ್ ರಿಪೇರಿಯವರು ಯಾರೋ ಕೇಳುತ್ತಿದ್ದಾರೆ, ಅವರಿಗೆ ಬಾಡಿಗೆಗೆ ಕೊಡುವುದು.

ಕೆಟ್ಟ ಮನಸ್ಸಿನಿಂದಲ್ಲ. ನಿಜವಾಗಿಯೂ ಹೆದರಿದ್ದರು. ಅಣ್ಣನಂತೂ ಆ ಹೊಗೆಯ ಮಾತೆತ್ತಿದರೆ ಈಗಲೂ ಹಣೆ ಒರೆಸಿಕೊಳ್ಳುತ್ತಾನೆ. ಆದರೆ ಅಕ್ಕನಿಗೆ ಇದನ್ನು ಹೇಳುವವರು ಯಾರು? ಎದುರಿಗೆ ಹೋಗಿ ಕೂತರೆ ಅವಳು ಮೊದಲು ತಟ್ಟೆ ಹಾಕುತ್ತಾಳೆ, ಉಂಡ ಮೇಲೆ ಹೇಳುವುದು ಕಷ್ಟ. ಫೋನಿನಲ್ಲಿ ಕೂಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ, ಅವಳೊಬ್ಬಳಿಗೆ ಬಿಟ್ಟು. ಅಷ್ಟರಲ್ಲಿ ಅಕ್ಕನೇ ತಾನಾಗಿ ಕಿವಿಗೆ ಮೆಷಿನ್ ಹಾಕಿಸಿಕೊಳ್ಳುತ್ತೇನೆ ಎಂದಳು. ಹಾಗಾದರೆ ಅದೊಂದು ಆಗಲಿ, ಆಮೇಲೆ ಸಮಾಧಾನವಾಗಿ, ಅವಳಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದರಾಯಿತು ಎಂದು ಅಣ್ಣ ಮುಂದಕ್ಕೆ ಹಾಕಿದ. ಹಾಸನಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಬರೆಯುವವರಿಗೆ ಮನೆಯಲ್ಲಿ ಬೇರೆ ಏನು ಕೆಲಸ ಎನ್ನುವುದು ಎಲ್ಲರ ನಂಬಿಕೆ.

ಹಾಸನದ ಮೇಡಂ ಮೆಷಿನ್ನಿನ ಜೊತೆಗೆ ಇನ್ನೊಂದು ಪುಟ್ಟ ಡಬ್ಬಿ ಕೊಟ್ಟರು. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಕಂಪ್ಯೂಟರಿನ ಮಾತು ಬ್ಲೂಟೂತ್ ಮೂಲಕ ಈ ಡಬ್ಬಿಗೆ ಬರುತ್ತದಂತೆ, ಡಬ್ಬಿಯಿಂದ ನೇರ ಕಿವಿಯೊಳಕ್ಕೆ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಬರುವ ಮಾತು ಕಲಸಿಹೋಗುತ್ತದೆ, ಇದರಲ್ಲಿ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ ಎಂದರು. ಅಕ್ಕನ ಕೊರಳಲ್ಲಿ ಲಿಂಗದ ಕರಡಿಗೆ ಮೊದಲೇ ಇತ್ತು. ಪಕ್ಕದಲ್ಲಿ ಈ ಡಬ್ಬಿ ನೇತಾಡಿತು.

‘ಒಂದು ಶಿವನ್ ಮಾತಿಗೆ, ಒಂದು ನಿಮ್ ಮಾತಿಗೆ’ ಎಂದಳು ಅಕ್ಕ.

ಆಗಲೇ ಮೇಡಂ ಆ ಪ್ರಶ್ನೆ ಕೇಳಿದ್ದು. ನಾನು ‘ಇದೆ’ ಎಂದದ್ದು. ಈ ಕಾಲದಲ್ಲಿ ಬ್ಲೂಟೂತ್ ಇಲ್ಲದ ಕಂಪ್ಯೂಟರ್ ಇರುತ್ತದೆಯೇ? ವಾಚಿನಲ್ಲಿದೆ, ಕಾರಿನಲ್ಲಿದೆ, ನಮ್ಮ ಬೀದಿಯ ತರಕಾರಿ ಗಾಡಿಯ ಮೈಕಿನಲ್ಲಿದೆ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ.

ಇಲ್ಲ ಎಂದು ತಿಳಿಯುವುದಕ್ಕೇ ಒಂದು ಇಡೀ ದಿನ ಹೋಯಿತು. ಎರಡು ದಿನ ಬಿಟ್ಟು ಅರಸೀಕೆರೆಯಿಂದ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹಳೇಬೀಡಿಗೆ ಬಂದು, ಲ್ಯಾಪ್‌ಟಾಪ್ ತೆರೆದರೆ ಅದು ಅಪ್‌ಡೇಟ್ ಶುರುಮಾಡಿತು. ಆಫ್ ಮಾಡಬೇಡಿ ಎಂದು ಬರೆದುಕೊಂಡು ಗುಂಡಗೆ ಚುಕ್ಕಿ ತಿರುಗಿಸುತ್ತಾ ಕೂತಿತು. ಅಕ್ಕನ ಮಧ್ಯಾಹ್ನದ ಊಟದ ಗಲಾಟೆ ಮುಗಿದು, ತಟ್ಟೆ ತೊಳೆದು, ನನಗೆ ಬಡಿಸಿ, ನಾನು ಉಂಡು ಕೈ ತೊಳೆದರೂ ಚುಕ್ಕಿ ತಿರುಗುತ್ತಿತ್ತು. ನನಗೆ ಅಪ್‌ಡೇಟ್ ಬೇಕೆಂದು ಇದಕ್ಕೆ ಯಾರು ಹೇಳಿದರು? ನಮ್ಮನ್ನು ಕೇಳದೆ ನಮ್ಮ ಒಳ್ಳೆಯದಕ್ಕೆ ಏನಾದರೊಂದು ಮಾಡಿಯೇ ತೀರುವವರ ಸಾಲಿಗೆ ಕಂಪ್ಯೂಟರುಗಳೂ ಸೇರಿವೆ.

ಅದೆಲ್ಲ ಮುಗಿದ ಮೇಲೆ ಸೆಟ್ಟಿಂಗ್ಸ್‌ಗೆ ಹೋದೆ. ಬ್ಲೂಟೂತ್ ಎಂಬ ಹೆಸರೇನೋ ಇತ್ತು. ಆನ್, ಆಫ್ ಮಾಡುವ ಗುಂಡಿ ಇರಲಿಲ್ಲ. ಬೋರ್ಡಿದೆ, ಅಂಗಡಿ ಇಲ್ಲ. ನಮ್ಮೆಜಮಾನರಿಗೆ ಫೋನ್ ಮಾಡಿದೆ. ವೈಫೈ ಇದ್ದ ಮೇಲೆ ಬ್ಲೂಟೂತ್ ಇರಲೇಬೇಕು, ನಿನಗೆ ಹುಡುಕಲು ಬರುವುದಿಲ್ಲ ಎಂದರು. (ಗಂಡಂದಿರ ಕಸ್ಟಮರ್ ಕೇರ್ ಯಾವಾಗಲೂ ಹೀಗೇ. ಮೊದಲು ನಿಮ್ಮ ತಪ್ಪು, ಆಮೇಲೆ ಮೆಷಿನ್ನಿನದು.) ಕೊನೆಗೆ ಹಾಸನದ ಮೇಡಂ ಅವರನ್ನೇ ಕೇಳಿದೆ. ಡಿವೈಸ್ ಮ್ಯಾನೇಜರ್ ಎಂದು ಒಂದಿದೆ, ಅದನ್ನು ತೆರೆದರೆ ಕಂಪ್ಯೂಟರಿನೊಳಗೆ ಏನೇನಿದೆ ಎಲ್ಲ ಸಾಲಾಗಿ ಕಾಣುತ್ತದೆ, ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ನೋಡಿ ಎಂದರು.

ನೋಡಿದೆ. ಬ್ಯಾಟರಿ ಇತ್ತು. ಅದರ ಕೆಳಗೆ ಕ್ಯಾಮೆರಾ. ನಡುವೆ ಬ್ಲೂಟೂತ್ ಇರಬೇಕಿತ್ತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಿಟ್ಟು ಓದಿದೆ. ಇಲ್ಲದ್ದು ಎಷ್ಟು ಸಲ ಓದಿದರೂ ಇಲ್ಲ.

ಅಕ್ಕ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಇಲ್ಲದಿದ್ದರೆ ಬಿಡು, ಇಷ್ಟಕ್ಕೆ ಯಾಕೆ ಒದ್ದಾಡುತ್ತೀ ಎಂದಳು. ಬಿಡುವುದಕ್ಕೆ ನನಗೂ ಇಷ್ಟವೇ. ಆದರೆ ಮುಂದಿನ ಸೋಮವಾರ ಎಲ್ಲರೂ ವಿಡಿಯೋ ಕಾಲಿನಲ್ಲಿ ಕೂರುವುದೆಂದು ಅಣ್ಣ ಗೊತ್ತುಮಾಡಿಬಿಟ್ಟಿದ್ದ. ಆವತ್ತು ಏನು ಹೇಳಲಿದ್ದಾರೆ ಎನ್ನುವುದು ಅಕ್ಕನಿಗೆ ಗೊತ್ತಿರಲಿಲ್ಲ. ಬಹಳ ದಿನದ ಮೇಲೆ ತಮ್ಮಂದಿರು ಒಟ್ಟಿಗೆ ಮಾತಿಗೆ ಸಿಗುತ್ತಾರೆಂದು ಅವಳಿಗೆ ಖುಷಿ. ಡಬ್ಬಿಯನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದೇನೆ ಎಂದಳು. ಮಾರನೆಯ ದಿನ ನಾನು ಬೇಲೂರಿನ ಬಸ್ಸು ಹತ್ತಿದೆ.

ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ಒಳಗಿದ್ದಾತ ನಾನು ಹೇಳುವುದನ್ನು ಪೂರ್ತಿ ಕೇಳದೆ, ಅದು ಐದು ನಿಮಿಷದ ಕೆಲಸ ಎಂದ. ಈ ದೇಶದಲ್ಲಿ ಎಲ್ಲ ರಿಪೇರಿಯೂ ಐದು ನಿಮಿಷದ ಕೆಲಸ. ಹಾಗಿದ್ದರೆ ನಮ್ಮ ದಿನಗಳೆಲ್ಲ ಎಲ್ಲಿ ಹೋಗುತ್ತವೆ? ಹುಣಸೆ ಬೀಜದಷ್ಟೇ ಇದ್ದ ಕಪ್ಪು ತುಂಡೊಂದನ್ನು ಕೈಗಿಟ್ಟ. ಡಾಂಗಲ್ ಅಂತೆ. ಪೆನ್ ಡ್ರೈವ್ ಹಾಕುವ ತೂತಿಗೆ ಸಿಕ್ಕಿಸಿದರೆ ಬ್ಲೂಟೂತ್ ಇಲ್ಲದ ಕಂಪ್ಯೂಟರಿಗೂ ಬ್ಲೂಟೂತ್ ಬರುತ್ತದೆ. ಇಷ್ಟು ಚಿಕ್ಕದಕ್ಕೆ ಇಷ್ಟೆಲ್ಲ ಅಲೆದಾಟವೇ ಎಂದು ಅದನ್ನು ಪರ್ಸಿನ ಒಳಜೇಬಿಗೆ ಹಾಕಿ, ದಾರಿಯುದ್ದಕ್ಕೂ ಇದೆಯೋ ಬಿತ್ತೋ ಎಂದು ಮುಟ್ಟಿ ನೋಡಿಕೊಳ್ಳುತ್ತಾ ವಾಪಸ್ ಬಂದೆ.

ಸಿಕ್ಕಿಸಿದೆ. ಡಿವೈಸ್ ಮ್ಯಾನೇಜರ್ ತೆರೆದೆ. ಬ್ಯಾಟರಿ, ಬ್ಲೂಟೂತ್, ಕ್ಯಾಮೆರಾ. ನಿಜ ಹೇಳುತ್ತೇನೆ, ನನ್ನ ಮೊದಲ ಪುಸ್ತಕ ಅಚ್ಚಾದಾಗಲೂ ಇಷ್ಟು ಸಂತೋಷವಾಗಿರಲಿಲ್ಲ. ಹತ್ತಿರದಲ್ಲಿ ಏನೇನಿದೆ ಎಂದು ಹುಡುಕಲು ಹೇಳಿದರೆ ಇಡೀ ಬೀದಿಯ ಹೆಸರು ತೋರಿಸಿತು. ಯಾರದೋ ಟಿ.ವಿ., ಯಾರದೋ ಸ್ಪೀಕರ್, ಯಾರದೋ ವಾಚು. ಅವುಗಳ ನಡುವೆ ಅಕ್ಕನ ಡಬ್ಬಿ. ಒತ್ತಿದೆ. ‘ಪೇರ್ಡ್’ ಎಂದು ಬಂತು.

ಪೇರ್ಡ್ ಎಂದರೆ ಜೋಡಿಯಾಗಿದೆ. ಕನೆಕ್ಟ್ ಆಗಿದೆ ಎಂದಲ್ಲ. ಎರಡೂ ಬೇರೆ. (ಮದುವೆ ಮನೆಗಳಲ್ಲಿ ಇದನ್ನು ಬಹಳ ನೋಡಿದ್ದೇನೆ, ವಿವರಿಸುವ ಅಗತ್ಯವಿಲ್ಲ.) ಕನೆಕ್ಟ್ ಮಾಡೋಣ ಎನ್ನುವಷ್ಟರಲ್ಲಿ ಡಬ್ಬಿಯ ಚಾರ್ಜು ಮುಗಿದು ಕೆಂಪು ದೀಪ ಮಿಣುಕಿತು. ಅಕ್ಕ ಅದನ್ನು ಬೆಳಗಿನಿಂದ ಹಾಕಿಕೊಂಡೇ ಓಡಾಡಿದ್ದಳು. ನನ್ನ ಬಸ್ಸಿನ ಹೊತ್ತಾಗಿತ್ತು. ಉಳಿದದ್ದು ಸೋಮವಾರಕ್ಕೆ ಎಂದು ಹೊರಟೆ.

ಬಸ್ಸಿನಲ್ಲಿ ಅಣ್ಣನ ಫೋನ್ ಬಂತು. ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್, ಹೆಗಲಿನಲ್ಲಿ ಅಕ್ಕ ಕೊಟ್ಟ ತೆಂಗಿನಕಾಯಿಯ ಚೀಲ. ಅಕ್ಕ ಒಪ್ಪುತ್ತಾಳೋ ಇಲ್ಲವೋ, ನೀನಂತೂ ನಮ್ಮ ಕಡೆ ತಾನೆ ಎಂದು ಅವನು ಕೇಳಿದ. ಮೆಸ್ ಮುಚ್ಚಬೇಕೆಂದು ನನಗೆ ಅನಿಸಿತ್ತೇ? ಅನಿಸಿರಲಿಲ್ಲ. ಮುಚ್ಚಬಾರದು ಎಂದು ಜಗಳವಾಡುವಷ್ಟು ತ್ರಾಣವೂ ಇರಲಿಲ್ಲ. ‘ಆಯ್ತು ಅಣ್ಣ, ನೀವು ಹೆಂಗಂತೀರೋ ಹಂಗೆ. ನಾನೇ ಅವಳಿಗೆ ನಿಧಾನಕ್ಕೆ ಹೇಳ್ತೀನಿ’ ಎಂದೆ. ಫೋನ್ ಇಟ್ಟರೆ ಸಾಕಾಗಿತ್ತು.

ದಣಿದವರು ಬೇಗ ಒಪ್ಪುತ್ತಾರೆ. ಮನೆಗಳಲ್ಲಿ ಎಷ್ಟು ತೀರ್ಮಾನಗಳು ಹೀಗೆ ಆಗಿಹೋಗುತ್ತವೆಯೋ. ಯಾರೂ ದುಷ್ಟರಲ್ಲ, ಎಲ್ಲರಿಗೂ ಸುಸ್ತಾಗಿದೆ, ಅಷ್ಟೇ.

ಸೋಮವಾರ ಬಂತು. ಮೆಸ್ಸಿನ ಬಾಗಿಲು ಮುಚ್ಚಿತ್ತು. ಅಕ್ಕ ತಲೆಗೆ ನೀರು ಹಾಕಿಕೊಂಡು, ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ವಿಡಿಯೋ ಕಾಲಿಗೆ ಒಳ್ಳೆಯ ಸೀರೆ. ಕಿವಿಗೆ ಮೆಷಿನ್, ಕೊರಳಿಗೆ ಡಬ್ಬಿ. ಮಡಿಲಲ್ಲಿ ಮಾದಿಹಳ್ಳಿಯ ಹೆಂಗಸೊಬ್ಬಳು ತಂದುಕೊಟ್ಟ ಸೊಗಡಿನ ಅವರೆಕಾಯಿ. ನಾಳೆಯ ಸಾರಿಗೆ ಸುಲಿಯುತ್ತಿದ್ದಳು.

ನನ್ನ ಫೋನಿನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಟ್ಟು ಕಾಲ್ ಮಾಡಿದೆ. ಪರದೆಯ ಒಂದು ಕಡೆ ಅಣ್ಣ, ಇನ್ನೊಂದು ಕಡೆ ಶೇಖರ. ಇಬ್ಬರೂ ಕ್ಷೇಮ ಕೇಳಿದರು. ಮಾತು ಲ್ಯಾಪ್‌ಟಾಪಿನ ಸ್ಪೀಕರಿನಿಂದಲೇ ಬರುತ್ತಿತ್ತು. ಅಕ್ಕನ ಕಡೆ ತಿರುಗಿ ಕೇಳಿಸುತ್ತಾ ಎಂದು ಕೈಸನ್ನೆ ಮಾಡಿದೆ. ಏನೋ ಗುಯ್ ಅನ್ನುತ್ತದೆ, ಮಾತು ತಿಳಿಯುವುದಿಲ್ಲ ಎಂದು ಅವಳು ತಲೆಯಾಡಿಸಿದಳು. ಸರಿ, ಇನ್ನು ಬ್ಲೂಟೂತ್ ಎಂದುಕೊಂಡು ಅವಳ ಡಬ್ಬಿಯ ಗುಂಡಿ ಒತ್ತಿದೆ. ನೀಲಿ ದೀಪ ಹತ್ತಿತು.

ಅಷ್ಟೇ. ಬರುತ್ತಿದ್ದ ಮಾತೂ ನಿಂತುಹೋಯಿತು.

ಪರದೆಯಲ್ಲಿ ಅಣ್ಣನ ಬಾಯಿ ಆಡುತ್ತಿದೆ, ಸದ್ದಿಲ್ಲ. ಶೇಖರನ ಬಾಯಿ ಆಡುತ್ತಿದೆ, ಸದ್ದಿಲ್ಲ. ವಾಲ್ಯೂಮ್ ಹೆಚ್ಚು ಮಾಡಿದೆ. ಇಲ್ಲ. ಡಾಂಗಲ್ ಗಟ್ಟಿಯಾಗಿ ಒತ್ತಿದೆ. ಇಲ್ಲ. ನಮ್ಮ ಕಡೆಯ ನಂಬಿಕೆ ನಿಮಗೂ ಗೊತ್ತು: ಸದ್ದು ಮಾಡದ ಯಂತ್ರ ಕೆಟ್ಟಿದೆ ಎಂದೇ ಅರ್ಥ. ಮಿಕ್ಸಿಯಾಗಲಿ, ಪಂಪ್‌ಸೆಟ್ಟಾಗಲಿ. ಐದು ನಿಮಿಷದವನನ್ನು ಮನಸ್ಸಿನಲ್ಲೇ ಬೈದುಕೊಂಡು ಕ್ಯಾಮೆರಾಕ್ಕೆ ಮುಖ ಕೊಟ್ಟು ಜೋರಾಗಿ ಹೇಳಿದೆ.

‘ನಿಮ್ ಮಾತು ಇಲ್ಲಿ ಯಾರ್ಗೂ ಕೇಳಿಸ್ತಿಲ್ಲ. ಇರಿ, ಸರಿ ಮಾಡ್ತೀನಿ.’

ನನ್ನ ಮಾತು ಅವರಿಗೆ ಕೇಳಿಸಿತು. ಇಬ್ಬರೂ ತಲೆಯಾಡಿಸಿದರು. ಫೋನ್ ಮಾಡಿದರೆ ನೆಟ್ ಹೋಗುತ್ತದೆ, ಹಾಗಾಗಿ ಅದೂ ಇಲ್ಲ. ನಾನು ಸೆಟ್ಟಿಂಗ್ಸ್ ಕಡೆ ಬಗ್ಗಿದೆ. ಅಣ್ಣತಮ್ಮಂದಿರು ಹೇಗೂ ಸಿಕ್ಕಿದ್ದೇವಲ್ಲ ಎಂದು ತಮ್ಮತಮ್ಮಲ್ಲೇ ಮಾತಿಗೆ ತೊಡಗಿದರು. ಬಾಯಿ ಆಡುವುದು ಕಾಣುತ್ತಿತ್ತು. ಒಮ್ಮೆ ಶೇಖರ ನಕ್ಕ.

ಎಷ್ಟು ಹೊತ್ತು ಹಾಗೆ ಬಗ್ಗಿ ಕೂತಿದ್ದೆನೋ. ಬ್ಯಾಟರಿ, ಬ್ಲೂಟೂತ್, ಕ್ಯಾಮೆರಾ, ಎಲ್ಲವೂ ಇದೆ. ಇದ್ದೂ ಇಲ್ಲ. ಕಣ್ಣು ಉರಿಯುತ್ತಿತ್ತು. ಅಕ್ಕನನ್ನು ಇನ್ನೊಂದು ಸಲ ಕೇಳಿಸುತ್ತಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನನಗೇ ಕೇಳಿಸದ್ದು ಅವಳಿಗೆ ಹೇಗೆ ಕೇಳಿಸೀತು? ಒಮ್ಮೆ ತಿರುಗಿ ನೋಡಿದಾಗ ಅವರೆಕಾಯಿ ಸುಲಿಯುವ ಕೈ ನಿಂತಿತ್ತು. ಪಾಪ, ಕಾದು ಕಾದು ಬೇಸರವಾಗಿದೆ ಎಂದುಕೊಂಡೆ.

ಆಗ ಅಕ್ಕ ಮಾತಾಡಿದಳು. ನನ್ನ ಜೊತೆಗಲ್ಲ, ಪರದೆಯ ಜೊತೆಗೆ.

‘ಪಂಚಾಕ್ಷರಿ, ಮುಂದ್ಗಡೆ ರೂಮು ಕೊಡ್ತೀನಿ ಅಂತ ಯಾರ್ಗೂ ಮಾತು ಕೊಡ್ಬ್ಯಾಡ ಕಣಪ್ಪ.’

ಅಣ್ಣನ ಬಾಯಿ ಅರ್ಧಕ್ಕೆ ನಿಂತಿತು. ನನಗೆ ಮೊದಲು ತಲೆಗೇ ಹೋಗಲಿಲ್ಲ. ಕೋಣೆಯ ವಿಷಯ ಇವಳಿಗೆ ಯಾರು ಹೇಳಿದರು? ನಾನಿನ್ನೂ ಹೇಳಿಲ್ಲವಲ್ಲ?

‘ಶೇಖರ, ಹೆಂಗೂ ಕಿವಿ ಕೇಳಲ್ಲ, ಅವಳು ಎಲ್ಲಿದ್ರೂ ಒಂದೇ ಅಂದ್ಯಲ್ಲ. ನಂಗೆ ಒಂದೇ ಅಲ್ಲ ಕಣೋ.’

ಆಮೇಲೆ ನನ್ನ ಕಡೆ ತಿರುಗಿದಳು. ‘ನೀನು ಅದನ್ನ ಒತ್ಬ್ಯಾಡ ಉಮಾ. ಏನೂ ಕೆಟ್ಟಿಲ್ಲ. ಎಲ್ಲಾ ಕೇಳಿಸ್ತಾ ಐತೆ.’

ಮೇಡಂ ಹೇಳಿದ್ದು ಆಗ ನೆನಪಾಯಿತು. ಮಾತು ನೇರ ಕಿವಿಯೊಳಕ್ಕೇ ಹೋಗುತ್ತದೆ. ಹೋಗಿತ್ತು. ಡಬ್ಬಿಯ ನೀಲಿ ದೀಪ ಹತ್ತಿದ ಕ್ಷಣದಿಂದ ಆ ಮಾತೆಲ್ಲ ಲ್ಯಾಪ್‌ಟಾಪನ್ನು ಬಿಟ್ಟು ಅಕ್ಕನೊಬ್ಬಳಿಗೇ ಕೇಳಿಸುತ್ತಿತ್ತು. ಕೋಣೆಯಲ್ಲಿ ಕಿವುಡಿಯಾಗಿದ್ದವಳು ನಾನು. ಬ್ಲೂಟೂತ್ ಕೆಲಸ ಮಾಡುತ್ತಿದೆಯೇ ಎಂದು ನಾನು ಹುಡುಕುತ್ತಿದ್ದಷ್ಟು ಹೊತ್ತೂ ಅದು ಕೆಲಸ ಮಾಡುತ್ತಲೇ ಇತ್ತು.

ಯಾರಿಗೂ ಕೇಳಿಸುತ್ತಿಲ್ಲ ಎಂದು ನಾನೇ ಅಭಯ ಕೊಟ್ಟಿದ್ದೆನಲ್ಲ, ಅಣ್ಣತಮ್ಮಂದಿರು ಮನಸ್ಸು ಬಿಚ್ಚಿ ಮಾತಾಡಿದ್ದರು ಎಂದು ಆಮೇಲೆ ತಿಳಿಯಿತು. ಮಹಡಿ ಕೋಣೆ, ಬಾಡಿಗೆಯವರು, ಯಾವಾಗ ಕರೆತರುವುದು, ಅತ್ತರೆ ಯಾರು ಸಮಾಧಾನ ಮಾಡುವುದು, ಎಲ್ಲ.

ಇಬ್ಬರೂ ಈಗ ಏನೇನೋ ಹೇಳಲು ಶುರುಮಾಡಿದರು. ನನಗೆ ಬರೀ ಬಾಯಿ ಕಾಣುತ್ತಿತ್ತು. ಅಣ್ಣ ಹಣೆ ಒರೆಸಿಕೊಂಡ. ಕುಕ್ಕರಿನ ಮಾತು ಬಂದಿರಬೇಕು ಎಂದುಕೊಂಡೆ. ಬಂದಿತ್ತು.

‘ಕುಕ್ಕರ್ ಅಟ್ಟಕ್ಕೆ ಹಾಕಿ ಎಷ್ಟೋ ದಿನ ಆಯ್ತು’ ಎಂದಳು ಅಕ್ಕ. ‘ಆವತ್ತಿಂದ ಬೇಳೆ ತಪ್ಪಲೇಲಿ ಬೇಯ್ತಾ ಐತೆ, ಕಣ್ಣೆದುರಿಗೆ. ಯಾರಾದ್ರೂ ಒಂದು ಮಾತು ಕೇಳಿದ್ರಾ?’

ನಾನು ಅಡುಗೆಮನೆಯ ಕಡೆ ನೋಡಿದೆ. ಒಲೆಯ ಮೇಲೆ ಕವುಚಿಟ್ಟ ದೊಡ್ಡ ತಪ್ಪಲೆ ಇತ್ತು. ಇದೇ ತಿಂಗಳಲ್ಲಿ ಎಷ್ಟು ಸಲ ಬಂದು, ಅದೇ ಬೇಳೆ ಉಂಡು, ಸಾರು ಚೆನ್ನಾಗಿದೆ ಎಂದು ಹೇಳಿ ಹೋಗಿದ್ದೇನೆ. ಡಿವೈಸ್ ಮ್ಯಾನೇಜರಿನಲ್ಲಿ ಬೆರಳಿಟ್ಟು ಹುಡುಕಿದವಳು ಅಡುಗೆಮನೆಯಲ್ಲಿ ಏನಿದೆ, ಏನಿಲ್ಲ ಎಂದು ಕಣ್ಣೆತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು.

ಅಕ್ಕ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಾ, ದಿನಸಿ ಅಂಗಡಿಯವರಿಗೆ ಸಾಮಾನು ಹೇಳುವ ದನಿಯಲ್ಲೇ ಮಾತಾಡಿದಳು.

‘ಊಟಕ್ಕೆ ಬರೋರ್ಗೆ ನನ್ನ ಕಿವಿ ಬ್ಯಾಡಾಗಿತ್ತು ಕಣ್ರಪ್ಪ. ಕೈ ಎತ್ತಿದ್ರೆ ತಿಳೀತಿತ್ತು. ಇದನ್ನ ಹಾಕಿಸ್ಕೊಂಡಿದ್ದು ನಿಮ್ ಮಾತು ಕೇಳೋಣ ಅಂತ.’

ಪರದೆಯಲ್ಲಿ ಶೇಖರ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಣ್ಣ ಎದ್ದು ಹೋದ, ಅವನ ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತು.

‘ನೀನೂ ಒಪ್ಪಿದ್ದೀಯ ಅಂದ್ರು. ಹೌದಾ?’ ಎಂದು ಅಕ್ಕ ನನ್ನನ್ನು ಕೇಳಿದಳು.

ಏನಿಲ್ಲ ಬಿಡು ಎನ್ನುವ ಹಾಗಿರಲಿಲ್ಲ. ಹೌದು ಎಂದೆ. ಬಸ್ಸಿನಲ್ಲಿ ಬಹಳ ಸುಸ್ತಾಗಿತ್ತು ಎಂದು ಸೇರಿಸಲು ಹೋಗಿ ಬಿಟ್ಟುಬಿಟ್ಟೆ. ಅದೊಂದು ಕಾರಣವೇ? ಅಕ್ಕ ಕಿವಿಯ ಮೆಷಿನ್ ಒಂದೊಂದಾಗಿ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಇವತ್ತಿಗೆ ಇಷ್ಟು ಸಾಕು, ಹೊಸದರಲ್ಲಿ ಬಹಳ ಹೊತ್ತು ಹಾಕಿಕೊಳ್ಳಬೇಡಿ ಎಂದು ಮೇಡಂ ಹೇಳಿದ್ದಾರೆ ಎಂದಳು. ನನಗೆ ಊಟಕ್ಕೆ ಎಲೆ ಹಾಕಿದಳು. ಬೇಡವೆನ್ನಲು ಅಂಗೈ ಅಡ್ಡ ಹಿಡಿದೆ. ಕಂಡರೂ ಕಾಣದವಳಂತೆ ಬಡಿಸಿದಳು.

ಮಂಗಳವಾರ ಮೆಸ್ ಎಂದಿನಂತೆ ತೆರೆಯಿತು. ಇವತ್ತಿಗೂ ತೆರೆದಿದೆ. ಮೊಬೈಲ್ ರಿಪೇರಿಯವರು ಬೇರೆ ಕಡೆ ಜಾಗ ನೋಡಿಕೊಂಡರಂತೆ. ಅಕ್ಕ ಈಗ ವಾರಕ್ಕೊಮ್ಮೆ ತಾನೇ ಎಲ್ಲರಿಗೂ ವಿಡಿಯೋ ಕಾಲ್ ಮಾಡುತ್ತಾಳೆ, ನೀಲಿ ದೀಪ ಹತ್ತಿಸಿಕೊಂಡು. ಅಡ್ಡ ಮಾತು ಬಂದರೆ ‘ಏನಂದೆ’ ಎಂದು ಕೇಳುವುದಿಲ್ಲ, ನೇರ ಉತ್ತರ ಕೊಡುತ್ತಾಳೆ. ನಾವೆಲ್ಲ ಬಹಳ ಯೋಚಿಸಿ ಮಾತಾಡುತ್ತೇವೆ. ಪರೀಕ್ಷೆಗೆ ಕೂತವರ ಹಾಗೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ, ಮನೆಯವರು ಏನಾದರೂ ಮಾತಾಡಿಕೊಳ್ಳುವುದಿದ್ದರೆ ಆ ಬ್ಲೂಟೂತನ್ನು ಸ್ವಲ್ಪ ಹೊತ್ತು ಆಫ್ ಮಾಡಿಡಲು ಬರುವುದಿಲ್ಲವೇ ಎಂದು ಕೇಳಿದ. ನಾನು ಗೊತ್ತಿಲ್ಲ ಎಂದೆ. ಸಂಜೆ ಶೇಖರನ ಫೋನ್. ಅವನೂ ಅದನ್ನೇ ಕೇಳಿದ.

ಅಕ್ಕನಿಗೆ ಕೇಳಿಸದೆ ಇದ್ದದ್ದು ನಮಗೆಲ್ಲ ಅಷ್ಟೊಂದು ಅನುಕೂಲವಾಗಿತ್ತೇ?